ಊರಿಗಿಂತ ಸೇತುವೆಯೇ ಹಳೆಯದು

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಅತ್ತೆಯವರನ್ನು ತೋರಿಸಲು ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿಂದ ಬಹದೂರ್‌ಪುರದಲ್ಲಿರುವ ಸಂಬಂಧಿಕರ ಮನೆಗೆ ಆಟೋದಲ್ಲಿ ಹೊರಟಾಗ ದಾರಿಯಲ್ಲಿ ಪುರಾನಾಪುಲ್ ಸಿಕ್ಕಿತು. ಹಳೆಯ ಕಲ್ಲಿನ ಸೇತುವೆ, ಮೇಲೆಲ್ಲ ತರಕಾರಿ ಮಾರುವವರು. ರಾಜಕುಮಾರನೊಬ್ಬ ತನ್ನ ಹುಡುಗಿಯನ್ನು ನೋಡಲು ತುಂಬಿದ ಹೊಳೆಗೆ ಕುದುರೆ ಇಳಿಸಿದನಂತೆ. ಮಗ ಸತ್ತುಹೋದಾನು ಅಂತ ಹೆದರಿ ತಂದೆ ಈ ಸೇತುವೆ ಕಟ್ಟಿಸಿದನಂತೆ. ಆಟೋದವನು ಹೇಳಿದ ಕಥೆ ಇದು. ನಿಜವಾ? ಕಟ್ಟಿಸಿದವರು ನಿಜಾಮರಾ?
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ನಿಜಾಮರಲ್ಲ. ನಮ್ಮ ರಾಯಚೂರು ಕಡೆ ಹಳೆಯದು ಏನೇ ಕಂಡರೂ ನಿಜಾಮರ ಲೆಕ್ಕಕ್ಕೆ ಬರೆಯುತ್ತೇವೆ. ನಿಜಾಮರ ಆಸಫ್‌ಜಾಹಿ ಮನೆತನ ದಖ್ಖನಿನಲ್ಲಿ ಬೇರೂರಿದ್ದು 1724ರಲ್ಲಿ. ಪುರಾನಾಪುಲ್ ಮುಗಿದಿದ್ದು 1578ರಲ್ಲಿ. ಕಟ್ಟಿಸಿದವನು ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಶಾ.

ಈಗ ಪ್ರೇಮಕಥೆ. ರಾಜಕುಮಾರ ಅಂದರೆ ಇಬ್ರಾಹಿಂನ ಮಗ ಮುಹಮ್ಮದ್ ಕುಲಿ. ಹುಡುಗಿ ಭಾಗಮತಿ, ಮೂಸಿ ಹೊಳೆಯಾಚೆ ಚಿಚ್ಲಂ ಎಂಬ ಹಳ್ಳಿಯವಳು. ಮುಹಮ್ಮದ್ ಕುಲಿ ಹುಟ್ಟಿದ್ದು 1565ರ ಸುಮಾರಿಗೆ. ಸೇತುವೆ ಮುಗಿದಾಗ ಅವನಿಗೆ 13 ವರ್ಷ. ಇಷ್ಟು ದೊಡ್ಡ ಕಲ್ಲಿನ ಕೆಲಸ ಒಂದು ಬೇಸಿಗೆಯಲ್ಲಿ ಮುಗಿಯುವಂಥದ್ದಲ್ಲ. ಅಂದರೆ ಅಡಿಪಾಯ ಹಾಕಿದಾಗ ಅವನು ಇನ್ನೂ ಚಿಕ್ಕ ಹುಡುಗ. ಭಾಗಮತಿ ಇದ್ದಳೋ ಇಲ್ಲವೋ ಎಂಬುದೇ ವಾದದಲ್ಲಿದೆ. ಆ ಕಾಲದ ಇತಿಹಾಸಕಾರ ಫಿರಿಷ್ತಾ ಅವಳ ಬಗ್ಗೆ ಬರೆದಿದ್ದಾನೆ. ನಮ್ಮ ಕಾಲದ ದೊಡ್ಡ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಅದನ್ನು ಒಪ್ಪಲಿಲ್ಲ. ಅವಳು ಇದ್ದಳು ಅಂತಲೇ ಇಟ್ಟುಕೊಳ್ಳಿ. ಆದರೂ ಸೇತುವೆಯ ತಾರೀಖು ಈ ಕಥೆಗೆ ಒಗ್ಗುವುದಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಈ ಕಥೆ ಮುಂದೆ ಬಂದು ಸೇತುವೆ ಕಟ್ಟಿಸಿದವನನ್ನು ಮರೆಮಾಡಿಬಿಟ್ಟಿದೆ. ಇಬ್ರಾಹಿಂನ ಬದುಕು ಕನ್ನಡದವರು ತಿಳಿಯಬೇಕಾದದ್ದು. ಅಣ್ಣ ಜಮ್ಷೀದ್ ಪಟ್ಟಕ್ಕೆ ಬಂದಾಗ ಇವನು ಜೀವ ಉಳಿಸಿಕೊಳ್ಳಲು ಓಡಿಬಂದಿದ್ದು ವಿಜಯನಗರಕ್ಕೆ. ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಹಂಪಿಯಲ್ಲಿದ್ದ. ತೆಲುಗು ಕಲಿತ. ಮುಂದೆ ಆ ಭಾಷೆಯ ಕವಿಗಳಿಗೆ ಆಸರೆಯಾದ. ಅವರು ಅವನನ್ನು ಮಲ್ಕಿಭರಾಮ ಅಂತ ಹಾಡಿದರು. 1550ರಲ್ಲಿ ಗೋಲ್ಕೊಂಡಕ್ಕೆ ಮರಳಿ ಸುಲ್ತಾನನಾದ. 1565ರಲ್ಲಿ ಅದೇ ರಾಮರಾಯನ ಮೇಲೆ ಯುದ್ಧಕ್ಕೆ ಹೋದ ಸುಲ್ತಾನರಲ್ಲಿ ಇವನೂ ಒಬ್ಬ. ಅನ್ನ ಕೊಟ್ಟ ಊರನ್ನೇ ಹಾಳು ಮಾಡಿದವರ ಜೊತೆ ನಿಂತ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆರೆ, ದಾರಿ, ಸೇತುವೆ ಇವುಗಳ ಬೆಲೆ ತಿಳಿದ ಅರಸ ಅವನು. ಹುಸೇನ್ ಸಾಗರ ಆದದ್ದು ಅವನ ಕಾಲದಲ್ಲಿ. ಇಬ್ರಾಹಿಂಪಟ್ನಂ ಕೆರೆಯೂ ಅವನದೇ.

ಹಾಗಾದರೆ ಸೇತುವೆ ಯಾಕೆ ಬೇಕಾಗಿತ್ತು? ನಕ್ಷೆ ಬಿಡಿಸಿ ನೋಡಿದರೆ ಸಾಕು. ಗೋಲ್ಕೊಂಡ ಕೋಟೆ ಮೂಸಿ ಹೊಳೆಯ ಉತ್ತರಕ್ಕಿದೆ. ಬಟ್ಟೆ, ವಜ್ರ, ಕಬ್ಬಿಣ ಹೊತ್ತ ಬಂಡಿಗಳು ಹೋಗಬೇಕಾಗಿದ್ದು ಪೂರ್ವದ ಮಚಲಿಪಟ್ಟಣ ಬಂದರಿಗೆ. ನಡುವೆ ಹೊಳೆ. ಬೇಸಿಗೆಯಲ್ಲಿ ಕಾಲು ನೆನೆಯುವಷ್ಟೇ ನೀರು. ಮಳೆಗಾಲದಲ್ಲಿ ಬಂಡಿ, ಎತ್ತು, ವ್ಯಾಪಾರಿ ಎಲ್ಲರೂ ದಂಡೆಯಲ್ಲೇ ಠಿಕಾಣಿ. ಕೋಟೆಯ ಒಳಗೆ ಜನ ಜಾಸ್ತಿಯಾಗಿದ್ದರು, ನೀರಿಗೂ ತತ್ವಾರ. ದಕ್ಷಿಣ ದಂಡೆಯಲ್ಲಿ ಬಯಲು ಬಿದ್ದಿತ್ತು. ಸೇತುವೆ ಆದ ಮೇಲೆ ಆ ಬಯಲಿಗೆ ವರ್ಷವಿಡೀ ದಾರಿಯಾಯಿತು.

ಇಬ್ರಾಹಿಂ 1580ರಲ್ಲಿ ತೀರಿಕೊಂಡ. ಮಗ ಮುಹಮ್ಮದ್ ಕುಲಿ ಆ ಬಯಲಿನಲ್ಲಿ 1591ರಲ್ಲಿ ಚಾರ್ಮಿನಾರ್ ಕಟ್ಟಿಸಿದ. ಹೈದರಾಬಾದ್ ಶುರುವಾಗಿದ್ದು ಆಗ. ಕೋಟೆಯಿಂದ ಕಾರ್ವಾನ್ ಮೂಲಕ ಸೇತುವೆ ದಾಟಿ ಬಂದರಿಗೆ ಹೋಗುವ ಹೆದ್ದಾರಿಯ ಮೇಲೇ ಚಾರ್ಮಿನಾರ್ ಕೂತಿದೆ. ಸೇತುವೆಗೂ ಊರಿಗೂ ನಡುವೆ 13 ವರ್ಷ. ಊರಿಗಾಗಿ ಸೇತುವೆ ಕಟ್ಟಲಿಲ್ಲ, ಸೇತುವೆ ಇದ್ದದ್ದಕ್ಕೇ ಆ ಊರು ಅಲ್ಲಿ ಬೆಳೆಯಿತು. ಆಟೋದವರಿಗೆ ಮುಂದಿನ ಸಲ ಈ ಕಥೆ ಹೇಳಿ. ಇದೇನು ಕಡಿಮೆ ರೋಚಕವಲ್ಲ, ಅಲ್ವಾ?

ಸೇತುವೆಗೆ 22 ಕಮಾನು. ಉದ್ದ 600 ಅಡಿ, ಅಗಲ 35 ಅಡಿ. ಮುಂದಿನ ಶತಮಾನದಲ್ಲಿ ವಜ್ರದ ವ್ಯಾಪಾರಕ್ಕೆ ಬಂದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಇದನ್ನು ಪ್ಯಾರಿಸಿನ ಪೋನ್ ನೆಫ್ ಸೇತುವೆಗೆ ಹೋಲಿಸಿದ. ಅದಕ್ಕಿಂತ ಇದು ಹೆಚ್ಚೇನೂ ಕಡಿಮೆಯಿಲ್ಲ ಎಂದು ಬರೆದ. ಆ ಪ್ಯಾರಿಸ್ ಸೇತುವೆಗೆ ಮೊದಲ ಕಲ್ಲು ಇಟ್ಟ ವರ್ಷ ಯಾವುದು ಗೊತ್ತಾ? 1578! ಇಲ್ಲಿ ಕೆಲಸ ಮುಗಿಸಿ ಗಾರೆಯವರು ಕೈ ತೊಳೆದ ವರ್ಷ ಅಲ್ಲಿ ಕೆಲಸ ಶುರು. ಅದು ಮುಗಿದಿದ್ದು 1607ರಲ್ಲಿ. ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ ಕೆಲಸ ಮಾಡಿ ನಿವೃತ್ತನಾದ ನನಗೆ ಇದನ್ನು ಮೊದಲು ಓದಿದಾಗ ಆದ ಹೆಮ್ಮೆ ಇವತ್ತಿಗೂ ಕಡಿಮೆಯಾಗಿಲ್ಲ.

ಪ್ರಶ್ನೆ: 1908ರಲ್ಲಿ ಮೂಸಿ ಹೊಳೆಗೆ ಪ್ರವಾಹ ಬಂದು ಹೈದರಾಬಾದ್ ಮುಳುಗಿತಂತೆ. ಆಗ ಪುರಾನಾಪುಲ್ ಕೊಚ್ಚಿಹೋಗಿ, ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತೆ ಕಟ್ಟಿದರು ಎಂದು ನಮ್ಮ ಮಾವ ಹೇಳುತ್ತಾರೆ. ಹೌದಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಪ್ರವಾಹ ನಿಜ. ವಿಶ್ವೇಶ್ವರಯ್ಯನವರು ಬಂದದ್ದೂ ನಿಜ. ಸೇತುವೆ ಕೊಚ್ಚಿಹೋಗಲಿಲ್ಲ.

1908ರ ಸೆಪ್ಟೆಂಬರ್ 28. ಬೆಳಗಿನ ಜಾವದಿಂದಲೇ ಹೊಳೆ ಊರೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ದೊಡ್ಡ ಹುಣಸೆ ಮರವಿದೆ. ಆ ಮರ ಹತ್ತಿ ಕೂತ 150ಕ್ಕೂ ಹೆಚ್ಚು ಜನ ಬದುಕಿದರು. ಲಿಂಗಸುಗೂರಿನ ಓದುಗರು ಮತ್ತೆ ಆಸ್ಪತ್ರೆಗೆ ಹೋದರೆ ದಯವಿಟ್ಟು ಅದನ್ನು ನೋಡಿಕೊಂಡು ಬನ್ನಿ.

ಆ ಹೊತ್ತಿಗೆ ಮೂಸಿಯ ಮೇಲೆ ನಾಲ್ಕು ಸೇತುವೆಗಳಿದ್ದವು. ಚಾದರ್‌ಘಾಟಿನದು 1831ರದ್ದು. ಈಗ ನಯಾಪುಲ್ ಅನ್ನುವ ಅಫ್ಜಲ್‌ಗಂಜ್ ಸೇತುವೆ ಅದಾದ ಮೇಲಿನದು. ಮುಸಲ್ಲಂ ಜಂಗ್ ಸೇತುವೆ ಎಲ್ಲಕ್ಕಿಂತ ಹೊಸದು. ಈ ಮೂರನ್ನೂ ಹೊಳೆ ಕೆಡವಿತು. ಎಲ್ಲಕ್ಕಿಂತ ಹಳೆಯದಾದ ಪುರಾನಾಪುಲ್ ಮಾತ್ರ ಪೆಟ್ಟು ತಿಂದರೂ ನಿಂತುಕೊಂಡಿತು. ಎರಡು ದಂಡೆಯ ಜನರಿಗೆ ಆಮೇಲೆ ಅದೊಂದೇ ದಾರಿ. ಆಗಿನ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಅದನ್ನು ರಿಪೇರಿ ಮಾಡಿದರು. ಅದಕ್ಕೂ ಮೊದಲು 1820ರಲ್ಲಿ ನಿಜಾಮ ಸಿಕಂದರ್ ಜಾ ಕಾಲದಲ್ಲೂ ಪ್ರವಾಹದ ಪೆಟ್ಟು ಬಿದ್ದು ರಿಪೇರಿಯಾಗಿತ್ತು.

ಹೊಸದು ಹೋಗಿ ಹಳೆಯದು ಉಳಿದದ್ದು ಹೇಗೆ? ನನ್ನ ಅನಿಸಿಕೆ ಹೇಳುತ್ತೇನೆ. ಅದರ ಭಾರವೇ ಅದನ್ನು ಉಳಿಸಿತು. ನೀರು ಸೇತುವೆಯ ಮೇಲೇ ಹತ್ತಿ ಹರಿದಾಗ ಮೊದಲು ಕಿತ್ತುಹೋಗುವುದು ಹಗುರವಾದ ಭಾಗ, ಅಂದರೆ ಅಕ್ಕಪಕ್ಕದ ಕಟ್ಟೆಗೋಡೆ. ದಪ್ಪ ಕಾಲುಗಳು, ಮೇಲೆ ತುಂಬಿದ ಕಲ್ಲು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಕಾಲು ದಪ್ಪ ಇದ್ದಷ್ಟೂ ನೀರಿಗೆ ಜಾಗ ಕಡಿಮೆ. ಸೇತುವೆಯ ಹಿಂದೆ ನೀರು ಏರುತ್ತದೆ, ದಂಡೆಯ ಮನೆಗಳಿಗೆ ನುಗ್ಗುತ್ತದೆ. ಈಗ ನಾವು ಕಾಲು ತೆಳ್ಳಗೆ ಮಾಡಿ ದೂರ ದೂರ ಇಡುವುದು ಅದಕ್ಕೇ.

ಇನ್ನು ವಿಶ್ವೇಶ್ವರಯ್ಯನವರು. ಬೊಂಬಾಯಿ ಸರಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದಾಗ ಅವರಿಗೆ ನಿಜಾಮ ಸರಕಾರದ ಕರೆ ಹೋಯಿತು. 1909ರಲ್ಲಿ ಬಂದರು. ಅವರು ಊರೊಳಗಿನ ಹೊಳೆಯನ್ನಷ್ಟೇ ನೋಡಿ ವರದಿ ಬರೆಯಲಿಲ್ಲ. ಮೇಲಕ್ಕೆ ಹೋದರು. ಮೂಸಿಗೆ ನೀರು ಬರುವ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಗೆ, ಅದು ಒಡೆದು ಇನ್ನೂ ಕೆಳಗಿನದಕ್ಕೆ. ಎಲ್ಲ ಸೇರಿ ಹೊಳೆಯಲ್ಲಿ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ನೀರು ಬಂದಿತ್ತು ಎಂದು ಅವರ ಲೆಕ್ಕ. ನಮ್ಮ ಕೃಷ್ಣೆಯಂಥ ದೊಡ್ಡ ನದಿಯಲ್ಲಿ ಇಷ್ಟು ನೀರು ಬಂದರೂ ದಂಡೆಯ ಊರುಗಳಿಗೆ ಡಂಗುರ ಹೊಡೆಸುತ್ತಾರೆ. ಇದು ಮೂಸಿ!

ಊರಿನ ಮೇಲ್ಗಡೆಯೇ ನೀರು ತಡೆಯಬೇಕು ಅನ್ನುವುದು ಅವರ ಸಲಹೆ. ಅದರಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ ಆಯಿತು. ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಆಯಿತು. ನಿಮ್ಮ ಮಾವನವರಿಗೆ ಹೀಗೆ ಹೇಳಿ: ವಿಶ್ವೇಶ್ವರಯ್ಯನವರು ಸೇತುವೆ ಕಟ್ಟಲಿಲ್ಲ, ಸೇತುವೆಯ ಕಾಲಿಗೆ ಅಂಥ ಹೊಡೆತ ಮತ್ತೆ ಬೀಳದ ಹಾಗೆ ದಾರಿ ತೋರಿಸಿದರು.

ಆದರೂ ಹೊಳೆ ತನ್ನ ಜಾಗ ಮರೆಯುವುದಿಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಜಲಾಶಯಗಳ ಗೇಟು ತೆಗೆದಾಗ ಮೂಸಿ ನೀರು ಎಂಜಿಬಿಎಸ್ ಬಸ್ ನಿಲ್ದಾಣಕ್ಕೇ ನುಗ್ಗಿತು. ನಮ್ಮ ಕಡೆಯ ಬಸ್ಸುಗಳು ಹೋಗಿ ನಿಲ್ಲುವ ನಿಲ್ದಾಣ ಅದು. ಅದನ್ನು ಕಟ್ಟಿರುವುದೇ ಹೊಳೆಯ ನಡುಗಡ್ಡೆಯಲ್ಲಿ.

ಪ್ರಶ್ನೆ: ಪುರಾನಾಪುಲ್‌ನಂಥ ಸೇತುವೆ ನಮ್ಮಲ್ಲೂ ಇದೆ. ದೇವಸೂಗೂರಿನ ಕೃಷ್ಣಾ ಸೇತುವೆ. ದಿನಾ ಅದರ ಮೇಲೇ ಓಡಾಡುತ್ತೇವೆ. ಅದರ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ?
– ಓದುಗರೊಬ್ಬರು, ಶಕ್ತಿನಗರ

ಉತ್ತರ: ಬರೆಯಬೇಕು. ಇದು ಮಾತ್ರ ನಿಜಾಮರ ಕಾಲದ್ದೇ. ಕೆಲಸ ಮುಗಿದಿದ್ದು 1943ರಲ್ಲಿ. ಹತ್ತು ವರ್ಷ ಹಿಡಿಯಿತು. ಆಗಿನ ಖರ್ಚು ಹದಿಮೂರು ಲಕ್ಷ ರೂಪಾಯಿಗೂ ಮೇಲೆ. 35 ಕಮಾನು, ಒಂದೊಂದೂ 60 ಅಡಿ ಅಗಲ. ಉದ್ದ 2,488 ಅಡಿ. ಸಿರಾತ್-ಎ-ಜೂದಿ ಎಂದು ಹೆಸರಿಟ್ಟರು, ನಿಜಾಮರ ಮನೆತನದ ಜವಾದ್ ಜಾ ನೆನಪಿಗೆ. ಆ ಹೆಸರು ಹೇಳಿದರೆ ಈಗ ಯಾರಿಗೂ ತಿಳಿಯುವುದಿಲ್ಲ. ಕೃಷ್ಣಾ ಬ್ರಿಡ್ಜ್ ಅಂದರೆ ಸಾಕು.

ನನಗೆ ಕಾಡುವ ಸಂಗತಿ ಇನ್ನೊಂದಿದೆ. ರೈಲು ಕೃಷ್ಣೆಯನ್ನು ದಾಟಿ ರಾಯಚೂರಿಗೆ ಬಂದದ್ದು 1871ರಲ್ಲಿ. ರಸ್ತೆಗೆ ಸೇತುವೆಯಾಗಿದ್ದು ಅದಾದ 72 ವರ್ಷಕ್ಕೆ. ಅಲ್ಲಿಯವರೆಗೆ ರೈಲಿನ ದುಡ್ಡು ಇಲ್ಲದವರಿಗೆ ದೋಣಿ, ಹರಿಗೋಲು. ಹೊಳೆ ತುಂಬಿದರೆ ಮದುವೆ ದಿಬ್ಬಣವೂ ದಂಡೆಯಲ್ಲಿ ಕಾಯಬೇಕು, ಬಾಣಂತಿಯೂ ಕಾಯಬೇಕು. ಹಳೆಯ ಸೇತುವೆ ಅಂದರೆ ನಾವು ಕಟ್ಟಿಸಿದವನ ಹೆಸರು ಕೇಳುತ್ತೇವೆ. ಅದು ಇಲ್ಲದಾಗ ದಂಡೆಯಲ್ಲಿ ಕಾದವರನ್ನೂ ನೆನೆಯಬೇಕು ಅಂತ ನನ್ನ ಆಸೆ. ನಿಮ್ಮ ಮನೆಯಲ್ಲಿ ಎಂಬತ್ತು ತೊಂಬತ್ತು ದಾಟಿದವರಿದ್ದರೆ ಕೂತು ಕೇಳಿ, ಬರೆದಿಡಿ. ಪತ್ರಿಕೆಗೆ ಕಳಿಸಿದರೆ ಇನ್ನೂ ಒಳ್ಳೆಯದು.

ನೌಕರಿಯಲ್ಲಿದ್ದಾಗ ನಾನು ಆ ಕಮಾನುಗಳ ಕೆಳಗೆ ನಿಂತು ನೋಡಿದ್ದೇನೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕೆಳಗಿನಿಂದ ನೋಡಬೇಕು ಅದನ್ನು. ಮೇಲೆ ಲಾರಿ ಹೋದರೆ ಗುಡುಗಿದ ಹಾಗೆ ಸದ್ದು. ಎತ್ತಿನ ಬಂಡಿ, ಹಗುರ ಮೋಟಾರು ನೆನೆಸಿಕೊಂಡು ಕಟ್ಟಿದವರು ಇವತ್ತಿನ ಹತ್ತು ಗಾಲಿ, ಹದಿನಾಲ್ಕು ಗಾಲಿಯ ಲಾರಿಗಳನ್ನು ಕಂಡಿರಲಿಲ್ಲ. ಆದರೂ ಹೊರುತ್ತಿದೆ. ಪುರಾನಾಪುಲ್‌ನ ಹಾಗೆ ಇದಕ್ಕೂ ಭಾರದ ಕೆಲಸದಿಂದ ಬಿಡುವು ಕೊಡಬೇಕು.

ಪ್ರಶ್ನೆ: ಸಿಮೆಂಟ್ ಇಲ್ಲದೆ, ಕಬ್ಬಿಣ ಇಲ್ಲದೆ ಕಲ್ಲಿನ ಕಮಾನು ನಾನೂರು ವರ್ಷ ಹೇಗೆ ನಿಲ್ಲುತ್ತದೆ? ನಾನು ಡಿಪ್ಲೊಮಾ ಓದುತ್ತಿದ್ದೇನೆ.
– ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ನಿಮಗೆ ಉತ್ತರದ ಅರ್ಧ ಭಾಗ ಮನೆ ಹತ್ತಿರವೇ ಇದೆಯಮ್ಮ. ಆನೆಗೊಂದಿ ದಾಟಿ ಹಂಪಿಗೆ ಹೋಗಿ. ವಿಜಯ ವಿಠ್ಠಲ ಗುಡಿಯ ಹತ್ತಿರ ತುಂಗಭದ್ರೆಯಲ್ಲಿ ಸಾಲಾಗಿ ಕಲ್ಲುಗಂಬಗಳು ನಿಂತಿವೆ. ವಿಜಯನಗರದವರ ಸೇತುವೆ ಅದು. ಅಲ್ಲಿ ಕಮಾನು ಇಲ್ಲ. ಕಂಬ ನಿಲ್ಲಿಸಿ ಅದರ ಮೇಲೆ ತೊಲೆ ಅಡ್ಡ ಹಾಕುವ ಪದ್ಧತಿ. ಅದಕ್ಕೇ ಕಂಬಗಳು ಅಷ್ಟು ಹತ್ತಿರ ಹತ್ತಿರ. ಕಲ್ಲಿನ ತೊಲೆಯ ಮೇಲೆ ಭಾರ ಬಿದ್ದರೆ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಕಲ್ಲು ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹಾಗಾಗಿ ಕಲ್ಲಿನ ತೊಲೆಯಿಂದ ಜಾಸ್ತಿ ದೂರ ದಾಟಲು ಆಗುವುದಿಲ್ಲ.

ಕಮಾನಿನಲ್ಲಿ ಎಳೆತವೇ ಇರದ ಹಾಗೆ ನೋಡಿಕೊಳ್ಳುತ್ತಾರೆ. ಇಬ್ಬರು ಎದುರುಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು, ಒಬ್ಬರ ಮೇಲೊಬ್ಬರು ಬಾಗಿದ ಹಾಗೆ ಅದು. ಇಬ್ಬರ ಪಾದವೂ ಜಾರದಿದ್ದರೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಮೊದಲು ಮರದ ಅಚ್ಚು ನಿಲ್ಲಿಸುತ್ತಾರೆ. ಅದರ ಮೇಲೆ ಎರಡೂ ಕಡೆಯಿಂದ ಓರೆಯಾಗಿ ಕೆತ್ತಿದ ಕಲ್ಲು ಜೋಡಿಸುತ್ತಾ ಬರುತ್ತಾರೆ. ನೆತ್ತಿಯ ಕಲ್ಲು ಕೂತ ಮೇಲೆ ಅಚ್ಚು ತೆಗೆದರೆ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಬಿಗಿಯಾಗುತ್ತವೆ. ಮೇಲೆ ಭಾರ ಬಿದ್ದಷ್ಟೂ ಬಿಗಿ. ಒಂದು ಕಮಾನು ಪಕ್ಕಕ್ಕೆ ತಳ್ಳುವುದನ್ನು ಪಕ್ಕದ ಕಮಾನು ತಡೆಯುತ್ತದೆ. ಕೊನೆಯದನ್ನು ದಂಡೆ ತಡೆಯುತ್ತದೆ. ಬುಡ ಕುಸಿದರೆ ಮಾತ್ರ ಅಪಾಯ. ಹೈದರಾಬಾದ್ ಕೂತಿರುವುದು ನಮ್ಮ ರಾಯಚೂರಿನ ಹಾಗೆ ಕಗ್ಗಲ್ಲಿನ ಬಂಡೆಯ ನೆಲದಲ್ಲಿ. ಬುಡಕ್ಕೆ ಅದೇ ಆಸರೆ.

ಗಾರೆ ಅಂಟಿಸುವುದಕ್ಕಿಂತ ಹೆಚ್ಚಾಗಿ ಸಂದು ತುಂಬುವುದಕ್ಕೆ. ಸುಣ್ಣ, ಮರಳು ಹದವಾಗಿ ಅರೆದು, ಬೆಲ್ಲ, ಅಣಲೆಕಾಯಿಯ ನೀರು ಸೇರಿಸುವ ರೂಢಿ ಇತ್ತು. ಸುಣ್ಣದ ಗಾರೆ ಸ್ವಲ್ಪ ಸ್ವಲ್ಪ ಬಳುಕುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಇದನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ನಿಮ್ಮ ಕೈಗೆ ಹಳೆಯ ಕಟ್ಟಡ ಸಿಗಬಹುದು. ಹಳೆಯ ಗಾರೆಯ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಕಲ್ಲಿನ ಅಂಚು ಉದುರುತ್ತದೆ. ಸುಣ್ಣಕ್ಕೆ ಸುಣ್ಣವೇ ಹಾಕಬೇಕು.

ಅಂಥ ಕಲ್ಲುಗಳನ್ನು ಹೇಗೆ ಸಾಗಿಸಿದರು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಯಚೂರು ಕೋಟೆಯ ಒಳಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ, 1294ರ ಶಾಸನ ಇರುವುದು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲು ಸಾಲು ಕೋಣಗಳಿಂದ ಎಳೆಸುವ ಚಿತ್ರವನ್ನು ಕಲ್ಲಿನಲ್ಲೇ ಗೀರಿದ್ದಾರೆ. ಕೆಲಸ ಮಾಡಿದವರು ತಮ್ಮ ಕೆಲಸವನ್ನೇ ಬರೆದಿಟ್ಟ ಅಪರೂಪದ ಜಾಗ ಅದು. ಕಾಲೇಜಿನಿಂದ ಟೂರ್ ಹಾಕಿಸಿಕೊಂಡು ಬನ್ನಿ.

ಪ್ರಶ್ನೆ: ಇಂಥ ಸ್ಮಾರಕದ ಮೇಲೆ ತರಕಾರಿ ಸಂತೆ ಬೇಕಾ? ಎಲ್ಲರನ್ನೂ ಎಬ್ಬಿಸಿ ಬೇಲಿ ಹಾಕಬಾರದಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೇಡ. ಪಕ್ಕದಲ್ಲೇ ಹೊಸ ಸೇತುವೆಯಾಗಿ ವಾಹನಗಳು ಅದರ ಮೇಲೆ ಹೋಗುತ್ತಿವೆ. ಹಳೆಯದಕ್ಕೆ ಬಸ್ಸು ಲಾರಿಗಳ ಭಾರ ತಪ್ಪಿದೆ. ತಳ್ಳುಗಾಡಿ, ಬುಟ್ಟಿ, ಕೂತು ಮಾರುವ ಹೆಂಗಸರು, ಇವರಿಂದ ಆ ಕಲ್ಲಿಗೆ ಏನೂ ಆಗುವುದಿಲ್ಲ. ವ್ಯಾಪಾರಕ್ಕಾಗಿ ಕಟ್ಟಿದ ಸೇತುವೆಯ ಮೇಲೆ ಇವತ್ತೂ ವ್ಯಾಪಾರ ನಡೆದಿದೆ. ಬೇಲಿ ಹಾಕಿದ ಎಷ್ಟು ಸ್ಮಾರಕಗಳು ಮುಳ್ಳುಕಂಟಿ ಬೆಳೆದು ಕುಡುಕರ ಪಾಲಾಗಿವೆ ಎಂದು ನಮ್ಮ ಜಿಲ್ಲೆಗಳಲ್ಲೇ ನೋಡಿದ್ದೇವಲ್ಲ.

ಕೇಡು ಬರುವುದು ಬೇರೆ ಕಡೆಯಿಂದ. ಇಂಥ ಹಳೆಯ ಕಲ್ಲಿನ ಕೆಲಸದ ಸಂದಿನಲ್ಲಿ ಅರಳಿ, ಆಲದ ಸಸಿ ಬೇರು ಬಿಡುತ್ತದೆ. ಚಿಕ್ಕದಿದ್ದಾಗ ಕಿತ್ತರೆ ಐದು ನಿಮಿಷದ ಕೆಲಸ. ಬೆಳೆದ ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಮಳೆನೀರು ಹೋಗುವ ತೂತುಗಳು ಕಸದಿಂದ ಮುಚ್ಚಿಕೊಂಡರೆ ನೀರು ಕಮಾನಿನೊಳಗೆ ಇಳಿಯುತ್ತದೆ. ಕೆಳಗೆ ಹರಿಯುತ್ತಿರುವುದು ಈಗ ಊರಿನ ಕೊಳಚೆ. ಮಾರುವವರಿಗೆ ಕಸದ ತೊಟ್ಟಿ ಕೊಟ್ಟು, ನೆರಳು ಕೊಟ್ಟು, ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಕಲ್ಲಿನ ಸಂದು ಬಲ್ಲ ಗಾರೆಯವರನ್ನು ಇಳಿಸಿದರೆ ಸಾಕು.

ಪ್ರಶ್ನೆ: ಹೋಗಿ ನೋಡಬೇಕೆಂದರೆ ಎಲ್ಲಿ ಇಳಿಯಬೇಕು? ಏನೇನು ನೋಡಬೇಕು?
– ಓದುಗರೊಬ್ಬರು, ಮಾನ್ವಿ

ಉತ್ತರ: ಎಂಜಿಬಿಎಸ್‌ನಲ್ಲಿ ಇಳಿದು ಹೊಳೆಯ ಮೇಲ್ಗಡೆಗೆ, ಅಂದರೆ ಪಶ್ಚಿಮಕ್ಕೆ ಹೋಗಿ. ಮೊದಲು ನಯಾಪುಲ್. ಅದರ ಒಂದು ಕಡೆ ಉಸ್ಮಾನಿಯಾ ಆಸ್ಪತ್ರೆ, ಇನ್ನೊಂದು ಕಡೆ ಹೈಕೋರ್ಟ್. ಆಮೇಲೆ ಮುಸಲ್ಲಂ ಜಂಗ್ ಸೇತುವೆ. ಅದಾದ ಮೇಲೆ ಪುರಾನಾಪುಲ್. ಆಟೋದವರಿಗೆ ಹೆಸರು ಹೇಳಿದರೆ ಸಾಕು. ಸೇತುವೆಯ ದಕ್ಷಿಣ ತುದಿಯಲ್ಲಿ ಪುರಾನಾಪುಲ್ ದರ್ವಾಜ ಇದೆ. ಹಳೆಯ ಊರಿನ ಕೋಟೆಗೋಡೆಗೆ ಇದ್ದ 13 ದರ್ವಾಜಗಳಲ್ಲಿ ಉಳಿದಿರುವುದು ಎರಡೇ, ಇದು ಮತ್ತು ದಬೀರ್‌ಪುರದ್ದು. ಸೇತುವೆಯ ಮೇಲೆ ನಡೆದರೆ ಕಮಾನು ಕಾಣುವುದಿಲ್ಲ. ಪಕ್ಕದ ಹೊಸ ಸೇತುವೆಯ ಮೇಲೆ ನಿಂತು ನೋಡಿ, 22 ಕಮಾನು ಎಣಿಸಿ. ಬೆಳಿಗ್ಗೆ ಹೋದರೆ ಬಿಸಿಲೂ ಕಡಿಮೆ, ತರಕಾರಿಯೂ ತಾಜಾ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೊರಡುವುದಾದರೆ ಮೇಲಿನ ಜಲಾಶಯಗಳ ಗೇಟು ತೆಗೆದಿದ್ದಾರಾ ಅಂತ ಸುದ್ದಿ ನೋಡಿಕೊಂಡು ಟಿಕೆಟ್ ಮಾಡಿಸಿ.